ಟೇಪರ್ ಹಾಕ್ಸಿದ್ರೆ ಸಾಕಾ?

ನಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿ ಅಪ್ಪನ ಕಾಲದ ಬೈಕುಗಳಿಗೇನೂ ಕಮ್ಮಿ ಇಲ್ಲ. ಆರ್‌ಎಕ್ಸ್ 100 ಇದೆ, 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಕಾರ್ಖಾನೆಯ ಯೆಜ್ಡಿನೂ ಇದೆ. ಯಾವುದಾದರೂ ಒಂದರ ಹ್ಯಾಂಡಲ್ ತಿರುಗಿಸುವಾಗ ಮಧ್ಯದಲ್ಲಿ "ಟಕ್" ಅಂತ ಹಿಡಿದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಸಲಹೆ: "ಕೋನ್ ಸೆಟ್ ಹೋಗಿದೆ ಮಗಾ, ಟೇಪರ್ ಬೇರಿಂಗ್ ಹಾಕ್ಸು." ನಾವು ಹೇಳೋದು ಬೇರೆ. ಯಾವ ಬಗೆಯ ಬೇರಿಂಗ್ ಅನ್ನೋದಕ್ಕಿಂತ ಅಳತೆ ಮತ್ತು ಫಿಟ್ಟಿಂಗ್ ಮುಖ್ಯ.

ಟೇಪರ್ ಪರವಾದ ವಾದ ಸುಳ್ಳಲ್ಲ. ಈ ಹಳೇ ಬೈಕುಗಳಲ್ಲಿ ಬರೋದು ಬಿಡಿ ಬಾಲ್‌ಗಳು. ಬಾಲ್ ರೇಸನ್ನು ಮುಟ್ಟೋದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಟೇಪರ್ ರೋಲರ್ ಮುಟ್ಟೋದು ಒಂದು ಗೆರೆಯ ಉದ್ದಕ್ಕೂ. ಚಕ್ರ ಗುಂಡಿಗೆ ಬಿದ್ದಾಗ ಪೆಟ್ಟು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತೆ, ರೇಸಲ್ಲಿ ಕುಳಿ ಬೀಳೋದು ಕಮ್ಮಿ.

ಹಾಗಂತ ಡಿಸೈನ್ ಪುಸ್ತಕದಲ್ಲಿರೋ ಬೇರಿಂಗ್ ಆಯುಷ್ಯದ ಸೂತ್ರವನ್ನು ಇಲ್ಲಿಗೆ ತರಬೇಡಿ. ಅದು ಲಕ್ಷಗಟ್ಟಲೆ ಸುತ್ತುಗಳ ಲೆಕ್ಕ. ಹ್ಯಾಂಡಲ್ ಒಂದು ಪೂರ್ತಿ ಸುತ್ತೂ ತಿರುಗಲ್ಲ. ರೋಡ್ ಮೇಲೆ ಅದು ಹೆಚ್ಚು ಹೊತ್ತು ನೇರವಾಗೇ ಇದ್ದು, ಸಣ್ಣಗೆ ನಡುಗುತ್ತಿರುತ್ತೆ. ಹಾಗಾಗಿ ಒಂದೇ ಜಾಗದಿಂದ ಗ್ರೀಸ್ ಪಕ್ಕಕ್ಕೆ ಸರಿಯುತ್ತೆ, ಸವೆತವೂ ಅಲ್ಲೇ ಆಗುತ್ತೆ. ಆ "ಟಕ್" ಹುಟ್ಟೋದು ಹೀಗೆ. ಗ್ರೀಸ್ ನೋಡದೆ ಓಡಿಸಿದರೆ ಟೇಪರ್‌ಗೂ ಇದೇ ಗತಿ.

ಇನ್ನು ಆಯ್ಕೆ. ಅಂಗಡಿಯಲ್ಲಿ ಬೈಕ್ ಹೆಸರು ಹೇಳಿ ಡಬ್ಬಿ ತಂದರೆ ಆಗಲ್ಲ. ಒಳವ್ಯಾಸ, ಹೊರವ್ಯಾಸ, ಎತ್ತರ, ಮೂರನ್ನೂ ವರ್ನಿಯರ್ ಹಿಡಿದು ಅಳೆಯಿರಿ. ಎತ್ತರ ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಮೇಲಿನ ನಟ್‌ಗೆ ಹಿಡಿಯಲು ಥ್ರೆಡ್ ಸಾಲದೇ ಹೋಗಬಹುದು. ಫೋರ್ಕು, ಮುಂದಿನ ಚಕ್ರ ಎಲ್ಲವನ್ನೂ ಫ್ರೇಮಿಗೆ ಹಿಡಿದಿಟ್ಟಿರೋ ನಟ್ ಅದು. ಅಲ್ಲಿ ಅಡ್ಜಸ್ಟ್ ಮಾಡ್ಕೊಳ್ಳೋ ಮಾತೇ ಇಲ್ಲ. ಸರಿಯಾದ ಅಳತೆಯ ಟೇಪರ್ ಸಿಕ್ಕಿದರೆ ಖುಷಿಯಾಗಿ ಹಾಕ್ಸಿ. ಸಿಗದಿದ್ದರೆ ಒಳ್ಳೇ ಬಾಲ್ ಸೆಟ್ಟೇ ಸಾಕು, ಆದರೆ ರೇಸ್‌ಗಳನ್ನೂ ಹೊಸದಾಗಿ ಹಾಕ್ಸಿ. ಕುಳಿ ಬಿದ್ದ ರೇಸಿಗೆ ಹೊಸ ಬಾಲ್ ತುಂಬಿಸೋದು ದುಡ್ಡು ದಂಡ.

ಫಿಟ್ ಆದ ಮೇಲೆ ಮುಂದಿನ ಚಕ್ರ ಎತ್ತಿ ನೋಡಿ. ಹ್ಯಾಂಡಲ್ ಎರಡೂ ಕಡೆಗೆ ತಾನಾಗಿ ಸಲೀಸಾಗಿ ವಾಲಬೇಕು. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಆಟ ಇರಬಾರದು. ಬಿಗಿ ಹೆಚ್ಚಾದರೆ ನಿಧಾನಕ್ಕೆ ಹೋಗುವಾಗ ಬೈಕ್ ಓಲಾಡುತ್ತೆ. ಸಡಿಲವಾದರೆ ಬ್ರೇಕ್ ಹಿಡಿದಾಗ "ಕಟಕ್" ಅನ್ನುತ್ತೆ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಒಮ್ಮೆ ನೋಡಿಸಿ, ರೇಸ್‌ಗಳು ಕೂತ ಮೇಲೆ ಸ್ವಲ್ಪ ಸಡಿಲ ಬರಬಹುದು.

ಇದಕ್ಕೆಲ್ಲ ಬೇಕಿರೋದು ದುಬಾರಿ ಡಬ್ಬಿ ಅಲ್ಲ, ಮೆಕ್ಯಾನಿಕ್ ಅಣ್ಣನ ಇನ್ನೊಂದು ಅರ್ಧ ಗಂಟೆ. ರೇಸ್ ಓರೆಯಾಗದಂತೆ ಕೂರಿಸೋಕೆ, ಬಿಗಿ ಸರಿಮಾಡೋಕೆ ಅವರಿಗೆ ಟೈಮ್ ಬೇಕು. "ಕ್ಲಾಸ್ ಇದೆ, ಬೇಗ ಮಾಡ್ಕೊಡಿ ಅಣ್ಣ" ಅಂತ ಅವಸರ ಮಾಡೋ ನಮಗೆ ಯಾವ ಬೇರಿಂಗೂ ಬಾಳಿಕೆ ಬರಲ್ಲ.