ಅಮ್ಮನ ಮಂಡಿಗೆ ಇನ್‌ಸೋಲ್ ಆರ್ಡರ್ ಮಾಡೋ ಮೊದಲು

ಕಳೆದ ವರ್ಷ ಸೇವಂತಿಗೆಗೆ ಕಳೆ ತೆಗೆಯುವ ಹೊತ್ತಿಗೆ ಅಮ್ಮನ ಎಡ ಮಂಡಿ ನೋವು ಜೋರಾಯ್ತು. ಎಕ್ಸ್‌ರೇ ನೋಡಿದ ಡಾಕ್ಟರು ಮಂಡಿ ಸವೆದಿದೆ, ಒಳಬದಿಯಲ್ಲಿ ಜಾಸ್ತಿ ಅಂದರು. ಅವತ್ತು ರಾತ್ರಿಯೇ ಮೊಬೈಲ್‌ನಲ್ಲಿ ಹುಡುಕಿ, ಹೊರ ಅಂಚು ದಪ್ಪ ಇರುವ ಇನ್‌ಸೋಲ್ ತರಿಸಿದೆ. ಅದು ಇವತ್ತಿಗೂ ಡಬ್ಬಿಯಲ್ಲೇ ಇದೆ. ಅಮ್ಮ ಹೊಲದಲ್ಲಿ ಬರಿಗಾಲು, ಊರಲ್ಲಿ ಹವಾಯಿ ಚಪ್ಪಲಿ. ಎಲ್ಲಿ ಹಾಕೋದು? ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತ ಊರಿಗೆಲ್ಲ ಹೇಳೋನು ನಾನು!

ಇನ್‌ಸೋಲಿನ ಹಿಂದಿನ ಲೆಕ್ಕ ಸುಳ್ಳಲ್ಲ. ನಡೆಯುವಾಗ ಮಂಡಿಯ ಒಳಬದಿಗೆ ಭಾರ ಹೆಚ್ಚು. ಪಾದದ ಹೊರ ಅಂಚು ಎತ್ತರಿಸಿದರೆ ಅದು ಸ್ವಲ್ಪ ತಗ್ಗುತ್ತೆ. ಆದರೆ ನೋವು? 2013ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ 12 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಸಾದಾ ಚಪ್ಪಟೆ ಇನ್‌ಸೋಲ್ ಹಾಕಿದವರ ಜತೆ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಾವು ಟ್ರಯಲ್ ಪ್ಲಾಟ್ ಪಕ್ಕ ಕಂಟ್ರೋಲ್ ಪ್ಲಾಟ್ ಬಿಡ್ತೀವಲ್ಲ, ಅದೇ ಥರ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿಯೂ ಇಂಥ ಓರೆ ಇನ್‌ಸೋಲ್ ಬೇಡ ಅನ್ನುವ ಕಡೆಗೇ ಇದೆ. ಅದು ಒತ್ತಿ ಹೇಳೋದು ವ್ಯಾಯಾಮ, ತೂಕ ಇಳಿಕೆ, ಊರುಗೋಲು. ನಡಿಗೆಗೇ ತೊಂದರೆ ಆಗ್ತಿದ್ದರೆ ನೀ ಬ್ರೇಸ್. ಬ್ರೇಸ್ ಅಂದರೆ ಮೆಡಿಕಲ್ ಶಾಪಿನ ಎಲಾಸ್ಟಿಕ್ ನೀ ಕ್ಯಾಪ್ ಅಲ್ಲ. ಡಾಕ್ಟರು ನೋಡಿ, ಅಳತೆ ತಗೊಂಡು ಹಾಕಿಸಬೇಕು. ಶೂ ಹಾಕುವವರಿಗೆ ಮೆತ್ತನೆ ಇನ್‌ಸೋಲ್ ಹಿತ ಅನಿಸಿದರೆ ಹಾಕ್ಕೊಳ್ಳಲಿ, ನನ್ನ ತಕರಾರಿಲ್ಲ.

ನನ್ನ ತಕರಾರು ಇಷ್ಟೇ: ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕಳೆ ಕೀಳಿಸಿ, ಆಮೇಲೆ ಪಾದದಡಿ ರಬ್ಬರ್ ಇಟ್ಟರೆ ಏನು ಬಂತು? ದುಡ್ಡು ಮೊದಲು ಕೆಲಸದ ರೀತಿ ಬದಲಾಯಿಸೋಕೆ ಹೋಗಲಿ. ನಾವು ಈ ಸಲ ಸಾಲಿನ ಅಂತರ ಹೆಚ್ಚಿಸಿ, ಸೈಕಲ್ ವೀಡರ್ ತಂದ್ವಿ. ಹೂವು, ತರಕಾರಿ ಬೇರ್ಪಡಿಸುವ ಕೆಲಸ ನೆಲದಿಂದ ಮೇಜಿಗೆ ಬಂತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಅಮ್ಮ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ತೊಡೆಗೆ ಬಲ ಕೊಡ್ತಾಳೆ. ಧಾರಾವಾಹಿ ನೋಡ್ತಾ ನೋಡ್ತಾನೇ ಅದೂ ಆಗುತ್ತೆ. ನೋವು ಪೂರ್ತಿ ಹೋಗಿಲ್ಲ, ಆದರೆ ಬಾವಿ ತನಕ ನಿಲ್ಲದೆ ಹೋಗಿ ಬರ್ತಾಳೆ.

ಊರುಗೋಲಿಗೆ ಮಾತ್ರ ಒಪ್ಪಲಿಲ್ಲ. ‘ನಾನೇನು ಮುದುಕೀನೇನೋ?’ ಅಂದಳು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು ಅಂತ ತೋರಿಸಿಕೊಟ್ಟೆ. ಈಗ ಬಲಗೈಲಿ ಸನಿಕೆ ಊರಿಕೊಂಡು ತೋಟ ಸುತ್ತುತ್ತಾಳೆ.