ವಿಜ್ಞಾನದ ಗೇಟಿನಲ್ಲೂ ಬದಲಿ ಕೆಲಸಗಾರರು!

ಗಿರಣಿಯಲ್ಲಿ ದುಡಿದವರಿಗೆ 'ಬದಲಿ' ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಭೋಂಗಾ ಕೂಗುವ ಮೊದಲೇ ಗೇಟಿನ ಬಳಿ ನಿಲ್ಲಬೇಕು. ಖಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಅಂದಿನ ಕೂಲಿ ಸಿಕ್ಕೀತು. ಎಲ್ಲರೂ ಬಂದರೆ ಬುತ್ತಿಯ ಗಂಟು ಹೊತ್ತು ಮನೆಗೆ ಮರಳಬೇಕು. ಕೈ ಎಷ್ಟು ಪಳಗಿದ್ದರೂ ಹೆಸರು ಖಾಯಂ ಆಗುವುದಿಲ್ಲ. ಮಾಲೀಕರ ಈ ಹಳೆಯ ಯುಕ್ತಿಯನ್ನು ಈಗ ಸರಕಾರವೇ ವಿಜ್ಞಾನದ ಮನೆಯಲ್ಲಿ ನಡೆಸುತ್ತಿದೆಯೆಂದರೆ ನಂಬುವಿರಾ?

ನಂಬಲೇಬೇಕು. ಬಂಡೆ, ಮಣ್ಣು, ಅಂತರ್ಜಲ, ಭೂಕಂಪ, ಗುಡ್ಡಕುಸಿತ ಇವನ್ನು ಅರಿಯುವ ವಿದ್ಯೆಗೆ ಭೂವಿಜ್ಞಾನವೆಂದು ಹೆಸರು. ಇದರಲ್ಲಿ ಪಿಎಚ್.ಡಿ. ಮುಗಿಸಿದ ತರುಣ ತರುಣಿಯರಿಗೆ ಕೂಡಲೇ ಹುದ್ದೆ ಸಿಗುವುದು ಅಪರೂಪ. ಅವರು ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಎಂಬ ತಾತ್ಕಾಲಿಕ ಧನದ ಮೇಲೆ ಸಂಶೋಧನೆ ಮಾಡಬೇಕು. ಕೇಂದ್ರ ಸರಕಾರದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ಪಿನ ಅವಧಿ ಎರಡೇ ವರ್ಷ. ಕೆಲವು ವರ್ಗದವರಿಗೆ ಸಡಿಲಿಕೆ ಬಿಟ್ಟರೆ ವಯಸ್ಸಿನ ಮಿತಿ 35. ಎರಡು ವರ್ಷ ಮುಗಿಯಿತೋ, ಮತ್ತೆ ಗೇಟು.

"ಓದಿದವರ ಗೋಳು ಅವರಿಗೆ, ನಮಗೇನು?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಅಂಕೋಲಾದ ಬಳಿಯ ಶಿರೂರಿನಲ್ಲಿದೆ. 2024ರ ಜುಲೈ 16ರಂದು ಅಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ರಸ್ತೆಗಾಗಿ ಕಡಿದ ಗುಡ್ಡವದು. ಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡು ಬದುಕುತ್ತಿದ್ದ ಒಂದು ಸಂಸಾರ ಮಣ್ಣುಪಾಲಾಯಿತು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳು ಮೀರಿದ ಮೇಲೆ. ಎರಡೇ ವಾರದಲ್ಲಿ, ಜುಲೈ 30ರಂದು, ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಸತ್ತವರು ಯಾರು? ಚಹಾ ಕಾಯಿಸುವವರು, ಲಾರಿ ಓಡಿಸುವವರು, ತೋಟದ ಕೂಲಿಗಳು. ಗುಡ್ಡ ಕುಸಿದಾಗ ಕೆಳಗಿರುವವರು ಯಾವಾಗಲೂ ನಮ್ಮವರೇ.

ದೇಶದಲ್ಲಿ ಸುಮಾರು 4.2 ಲಕ್ಷ ಚದರ ಕಿಲೋಮೀಟರು ನೆಲ ಕುಸಿತಕ್ಕೆ ಈಡಾಗುವಂಥದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಗುರುತಿಸಿದೆ. ಒಳ್ಳೆಯ ಕೆಲಸ. ಆದರೆ ನಕ್ಷೆ ಹೇಳುವುದು ಎಲ್ಲಿ ಎಂಬುದನ್ನು. ಯಾವ ದಿನ ಎಂಬುದನ್ನಲ್ಲ. ಎಷ್ಟು ಗಂಟೆ ಎಷ್ಟು ಮಳೆ ಸುರಿದರೆ ಈ ಗುಡ್ಡ ಸಡಿಲಾಗುತ್ತದೆ ಎಂದು ತಿಳಿಯಬೇಕಾದರೆ ಅಲ್ಲೇ ಮಳೆಮಾಪಕ ನೆಡಬೇಕು, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯಬೇಕು, ಮಳೆಗಾಲದ ಮೇಲೆ ಮಳೆಗಾಲ ಕಾಯಬೇಕು. ಎರಡು ವರ್ಷದ ಫೆಲೋಶಿಪ್ಪಿನಲ್ಲಿ ಸಿಗುವುದು ಎರಡೇ ಮಳೆಗಾಲ. ಮೊದಲನೆಯದು ಅನುಮತಿ, ಸಲಕರಣೆ ಎಂದು ಕಳೆಯುತ್ತದೆ. ಎರಡನೆಯದರಲ್ಲಿ ಮಳೆಯೇ ಕೈಕೊಟ್ಟರೆ? ಲೆಕ್ಕ ಅರ್ಧಕ್ಕೆ ನಿಂತಿತು. ಹುಡುಗ ಬೇರೆ ಊರಿಗೋ ಬೇರೆ ದೇಶಕ್ಕೋ ಹೋದ. ಗುಡ್ಡ ಅಲ್ಲೇ ಇದೆ!

ಭೂಕಂಪದ ಮಾತೂ ಇದೇ. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿತು. ಅಣೆಕಟ್ಟಿನ ನೀರಿಗೂ ಭೂಕಂಪಕ್ಕೂ ಇರುವ ನಂಟನ್ನು ಅಂದಿನಿಂದ ದಶಕಗಟ್ಟಲೆ ಅಭ್ಯಸಿಸುತ್ತಲೇ ಬಂದಿದ್ದಾರೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಮಲಗಿದಲ್ಲೇ ಸತ್ತರು. ಅಪಾಯ ಅತಿ ಕಡಿಮೆಯೆಂದು ಅಂದಿನ ನಕ್ಷೆ ತೋರಿಸುತ್ತಿದ್ದ ನೆಲವದು! ಇಂಥ ನೆಲವನ್ನು ಅರಿಯಲು ಒಂದು ಆಯುಷ್ಯ ಬೇಕು. ನಾವು ಕೊಡುವುದು ಇಪ್ಪತ್ತನಾಲ್ಕು ತಿಂಗಳು.

ಅದನ್ನಾದರೂ ನೆಟ್ಟಗೆ ಕೊಡುತ್ತಾರೆಯೆ? ನಾನು ಮೇಷ್ಟ್ರಾಗಿದ್ದಾಗ ನನ್ನ ಕೈಯಲ್ಲಿ ಓದಿದ ನೇಕಾರರ ಮನೆಯ ಹುಡುಗಿಯೊಬ್ಬಳು ಅಂತರ್ಜಲದ ಮೇಲೆ ಸಂಶೋಧನೆ ಮಾಡಿದಳು. ನಾನು ಓದಿದ್ದು ಮೆಟ್ರಿಕ್. ಅವಳು ಡಾಕ್ಟರ್ ಆದಳೆಂದು ನಾನೇ ಬೀದಿಗೆಲ್ಲ ಸಕ್ಕರೆ ಹಂಚಿದೆ. ಆಮೇಲೆ ಐದು ತಿಂಗಳು ಅವಳಿಗೆ ಹಣ ಬರಲಿಲ್ಲ. ಕೇಳಿದರೆ 'ಕಡತ ಮೇಲಿದೆ' ಎಂಬ ಉತ್ತರ. ಆ ಐದು ತಿಂಗಳು ಅವಳನ್ನು ಸಾಕಿದ್ದು ಒಬ್ಬ ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕ. ವ್ಯಾಪಾರಿ ಬಂಧುಗಳೆ, ಸರಕಾರದ ಬಾಕಿಯನ್ನು ನೀವು ಹೊತ್ತಿರಿ! ಇದು ಅವಳೊಬ್ಬಳ ಕತೆಯಲ್ಲ. ಇನ್‌ಸ್ಪೈರ್ ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ತಡವಾಗುತ್ತಿದೆಯೆಂದು 2025ರಲ್ಲಿ ಸಂಶೋಧಕರು ಬಹಿರಂಗವಾಗಿಯೇ ದೂರಿದರು.

ಗಿರಣಿಯ ಗೆಳೆಯರೊಬ್ಬರು ನನಗೆ ಎಸೆದ ಸವಾಲನ್ನು ಮುಚ್ಚಿಡುವುದಿಲ್ಲ. "2023ರಲ್ಲಿ ರಿಸರ್ಚ್ ಅಸೋಸಿಯೇಟ್‌ಗೆ ತಿಂಗಳಿಗೆ 58,000 ರೂಪಾಯಿ ಮಾಡಿದರಲ್ಲ? ನನಗೆ ಅದರ ಅರ್ಧವೂ ಇಲ್ಲ. ಅವರಿಗಾಗಿ ನಾನೇಕೆ ಕೂಗಲಿ?" ಎಂದರು. ನಿಜ, ಮೊತ್ತ ದೊಡ್ಡದು. ಆದರೆ ಅದೇ ದರ 2019ರಲ್ಲಿ 47,000 ಆದದ್ದು ನಾಲ್ಕು ವರ್ಷ ಅಲ್ಲಾಡಲಿಲ್ಲ. 2019ರ ಏರಿಕೆಗೂ ಸಂಶೋಧಕರು ಬೀದಿಗಿಳಿಯಬೇಕಾಯಿತು. ತುಟ್ಟಿಭತ್ಯೆ ಇಲ್ಲ, ಪ್ರಾವಿಡೆಂಟ್ ಫಂಡ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಏಕೆಂದರೆ ಅದು ಸಂಬಳವಲ್ಲವಂತೆ, 'ಫೆಲೋಶಿಪ್' ಅಂತೆ! ಹೆಸರು ಬದಲಿಸಿ ಹಕ್ಕು ಕಸಿಯುವ ಈ ಆಟ ಗಿರಣಿಯವರಿಗೆ ಹೊಸದೆ? ಇಂದು ಪಿಎಚ್.ಡಿ. ಆದವರನ್ನು ಬದಲಿ ಮಾಡಲು ಬಿಟ್ಟರೆ, ಎಸ್ಸೆಸ್ಸೆಲ್ಸಿ ಆದ ನಿಮ್ಮ ಮಗನನ್ನು ಖಾಯಂ ಮಾಡುವವರು ಯಾರು?

ಇನ್ನು 'ಖಾಸಗಿಯವರು ಕೊಡಲಿ' ಎನ್ನುವ ಬುದ್ಧಿವಂತರು. 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಡಂಗುರ ಹೊಡೆದರು. ಅದರಲ್ಲಿ ಸುಮಾರು 36,000 ಕೋಟಿ ಉದ್ಯಮಗಳು, ದಾನಿಗಳು ಮುಂತಾದವರಿಂದ ಬರಬೇಕೆಂದು ಲೆಕ್ಕ. ಗಣಿಯ ಧಣಿ ಅದಿರು ಹುಡುಕಿಕೊಡುವವನಿಗೆ ಹಣ ಕೊಟ್ಟಾನು. 'ಈ ಗುಡ್ಡ ಕಡಿಯಬೇಡಿ' ಎನ್ನುವವನಿಗೆ ಯಾವ ಗುತ್ತಿಗೆದಾರ ಸಂಬಳ ಕೊಟ್ಟಾನು? ಬೋರ್‌ವೆಲ್ ಕೊರೆಯುವವನು 'ಇಲ್ಲಿ ನೀರಿಲ್ಲ, ಕೊರೆಸಬೇಡಿ' ಎಂದು ಹೇಳಿಸಲು ದುಡ್ಡು ಚೆಲ್ಲಿಯಾನೆ? ಜನರ ಜೀವ ಕಾಯುವ ವಿದ್ಯೆಗೆ ಜನರ ಬೊಕ್ಕಸವೇ ಹಣ ಕೊಡಬೇಕು.

ಬೊಕ್ಕಸ ಬರಿದಾಗಿದೆಯೆ? ಇಲ್ಲ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಖಾಸಗಿ ವಲಯದ ಸಂಶೋಧನೆಗೆ ಅಲ್ಪ ಬಡ್ಡಿಗೆ ಇಲ್ಲವೆ ಬಡ್ಡಿಯಿಲ್ಲದೆ ದೀರ್ಘಾವಧಿಯ ಹಣ ಒದಗಿಸಲು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವ್ಯಾಪಾರಿ ಬಂಧುಗಳೆ, ನಿಮ್ಮ ಅಂಗಡಿಗೆ ಬಡ್ಡಿಯಿಲ್ಲದ ಸಾಲ ಕೇಳಿ ನೋಡಿ! ಇತ್ತ ದೇಶದ ಒಟ್ಟು ಸಂಶೋಧನಾ ವೆಚ್ಚ 2020-21ರಲ್ಲಿ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 0.64 ಮಾತ್ರ.

ನಾವು ಕೇಳುವುದು ದಾನವಲ್ಲ. ಗುಡ್ಡ, ನೀರು, ಭೂಕಂಪಗಳ ಮೇಲೆ ಕೆಲಸ ಮಾಡುವ ತರುಣರಿಗೆ ಐದು ವರ್ಷದ ಭರವಸೆ ಸಿಗಲಿ. ತಿಂಗಳ ಮೊದಲ ವಾರ ಹಣ ಕೈಸೇರಲಿ. ಬೆಲೆ ಏರಿದಂತೆ ಅದೂ ಏರಲಿ. ಒಬ್ಬರು ಬಿಟ್ಟುಹೋದರೆ ನೆಟ್ಟ ಮಾಪಕವನ್ನು ನೋಡಿಕೊಳ್ಳಲು ಇನ್ನೊಬ್ಬರ ನೇಮಕವಾಗಲಿ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ದೊರೆಗಳ ಹಳೆಯ ಚಾಳಿ. ಹೆಣದ ಮುಂದೆ ಪರಿಹಾರದ ಚೆಕ್ಕು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಸತ್ತ ಮೇಲೆ ಕೊಡುವ ಲಕ್ಷಗಳಲ್ಲಿ ಒಂದು ಪಾಲನ್ನು, ಸಾಯದಂತೆ ಎಚ್ಚರಿಸುವವರಿಗೆ ಮೊದಲೇ ಏಕೆ ಕೊಡಲಿಲ್ಲ?