ಯಾವ ಕಾಲಮ್ಮಿನ 70 ಗಂಟೆ?

ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದಾಗ ಮೈಸೂರಿನಲ್ಲಿ ನನಗೆ ಸಿಕ್ಕವರಲ್ಲಿ ತಲೆದೂಗಿದವರೇ ಹೆಚ್ಚು. ನಮ್ಮೂರಿನ ಎನ್‌ಐಇಯಲ್ಲಿ ಓದಿದವರು, ಇಲ್ಲಿ ಅಷ್ಟು ದೊಡ್ಡ ತರಬೇತಿ ಕೇಂದ್ರ ಕಟ್ಟಿದ ಕಂಪನಿಯ ಸ್ಥಾಪಕರು. ಮಾತಿಗೆ ತೂಕ ಬರುವುದು ಸಹಜ. ಸೋಮಾರಿತನದ ವಕಾಲತ್ತು ವಹಿಸಲು ನಾನು ಬಂದಿಲ್ಲ. ಆದರೆ ಅವರ ಕಸುಬಿನ ಯಂತ್ರವೇ ಒಪ್ಪದ ಅಳತೆಯನ್ನು ಮನುಷ್ಯರ ಮೇಲೆ ಹೇರುವುದಕ್ಕೆ ನನ್ನ ತಕರಾರಿದೆ.

ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ಮುಗಳಲ್ಲಿ ಪ್ರಾಸೆಸ್ ಅಕೌಂಟಿಂಗ್ ಎಂಬ ಹಳೆಯ ಸೌಲಭ್ಯವಿದೆ. ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುವಾಗ ಯಾರ ಬಾಬ್ತು ಎಷ್ಟು ಎಂದು ತಿಳಿಯುವುದಕ್ಕೆ ಇರುವಂಥದ್ದು. ಅದನ್ನು ಚಾಲೂ ಮಾಡಿದರೆ, ಪ್ರತಿಯೊಂದು ಪ್ರಾಸೆಸ್ ಮುಗಿದಾಗಲೂ ಕರ್ನೆಲ್ ಒಂದು ಕಡತಕ್ಕೆ ದಾಖಲೆ ಸೇರಿಸುತ್ತದೆ: ಆಜ್ಞೆಯ ಹೆಸರು, ಓಡಿಸಿದವರು ಯಾರು, ಶುರುವಾದದ್ದು ಯಾವಾಗ. ಜೊತೆಗೆ ಮೂರು ಕಾಲಾವಧಿಗಳು, ಮೂರು ಬೇರೆ ಕಾಲಮ್ಮುಗಳಲ್ಲಿ. ಗೋಡೆ ಗಡಿಯಾರದಲ್ಲಿ ಕಳೆದದ್ದು ಒಂದು. ಪ್ರೊಸೆಸರ್ ಆ ಪ್ರೋಗ್ರಾಮಿನ ಸ್ವಂತ ಕೆಲಸಕ್ಕೆ ದುಡಿದದ್ದು ಇನ್ನೊಂದು. ಅದರ ಪರವಾಗಿ ಕರ್ನೆಲ್ ದುಡಿದದ್ದು ಮತ್ತೊಂದು. ಬೆಳಿಗ್ಗೆ ತೆರೆದ ಎಡಿಟರನ್ನು ಸಂಜೆ ಮುಚ್ಚಿದರೆ ಮೊದಲ ಕಾಲಮ್ಮಿನಲ್ಲಿ 8 ಗಂಟೆ ಬೀಳುತ್ತದೆ, ಉಳಿದೆರಡರಲ್ಲಿ ಕೆಲವೇ ಸೆಕೆಂಡು. ಆ 8 ಗಂಟೆಯನ್ನು ಯಾರೂ ಪ್ರೊಸೆಸರಿನ ದುಡಿಮೆ ಎನ್ನುವುದಿಲ್ಲ. 70 ಎಂಬುದು ಬರೀ ಈ ಮೊದಲ ಕಾಲಮ್ಮು.

ಹಾಗಾದರೆ ಕೀಬೋರ್ಡ್ ಬಡಿತ ಎಣಿಸೋಣ, ಮೌಸ್ ಆಡುವುದನ್ನು ನೋಡೋಣ ಎನ್ನುವ ಜಾಣರೂ ಇದ್ದಾರೆ. ಅವರು ಇದೇ ಕಡತವನ್ನು ಪ್ರೊಸೆಸರ್ ಬಳಕೆಯ ಪ್ರಕಾರ ಜೋಡಿಸಿ ನೋಡಲಿ. ಎಷ್ಟೋ ಸಲ ಮೊದಲ ಸ್ಥಾನದಲ್ಲಿ ಇರುವುದು, ತಪ್ಪು ಬರೆದ ಲೂಪಿನಲ್ಲಿ ಗಾಣದೆತ್ತಿನಂತೆ ಸುತ್ತುತ್ತಿದ್ದು ಕೊನೆಗೆ ಯಾರೋ ಕೊಂದ ಪ್ರೋಗ್ರಾಮು! ಫಲಕ್ಕೆ ಇಲ್ಲಿ ಕಾಲಮ್ಮೇ ಇಲ್ಲ. ಲಿನಕ್ಸಿನ ಈಚಿನ ದಾಖಲೆಯಲ್ಲಿ ಪ್ರಾಸೆಸ್ ಹೇಗೆ ಮುಗಿಯಿತೆಂಬ ಸಂಖ್ಯೆ ಇದೆ ನಿಜ. ಮಾಡಿದ ಕೆಲಸ ಮಾಡಬೇಕಾದದ್ದೇ ಎಂದು ಅದೂ ಹೇಳದು.

ಇನ್ನೊಂದಿದೆ. ಚಿತ್ರಗುಪ್ತನ ಲೆಕ್ಕದಂತೆ ಇಲ್ಲೂ ಸತ್ತ ಮೇಲೆಯೇ ಪುಸ್ತಕಕ್ಕೆ ಏರುವುದು. ತಿಂಗಳುಗಟ್ಟಲೆ ನಿಲ್ಲದೆ ಓಡುತ್ತಿರುವ ಸರ್ವರ್ ಪ್ರಾಸೆಸ್ ಅಲ್ಲಿಯವರೆಗೆ ಕಡತದಲ್ಲೇ ಇರುವುದಿಲ್ಲ; ಕರೆಂಟು ಹೋಗಿ ಯಂತ್ರ ನಿಂತರೆ ಅದರ ದುಡಿಮೆ ಪೂರ್ತಿ ಲೆಕ್ಕ ತಪ್ಪುತ್ತದೆ. 70 ಗಂಟೆ ದುಡಿಯುವ ಮಗನಿಗೆ ಬೆಳಗಿನ ಐದಕ್ಕೆ ಎದ್ದು ಬುತ್ತಿ ಕಟ್ಟುವ ಸರಸ್ವತಿಪುರಂನ ತಾಯಂದಿರು ಯಾರ ಟೈಮ್‌ಶೀಟಿನಲ್ಲಿದ್ದಾರೆ?

2024ರ ಜುಲೈನಲ್ಲಿ ಐಟಿ ನೌಕರರಿಂದ ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ನಮ್ಮ ರಾಜ್ಯದಲ್ಲೇ ಸುದ್ದಿಯಾಯಿತು. ನೌಕರರ ಸಂಘ ವಿರೋಧಿಸಿತು, ಸರಿಯಾಗಿಯೇ ಮಾಡಿತು. ಗಂಟೆ ಎಣಿಸುವುದು ಬೇಕು, ಮಿತಿ ಹಾಕುವುದಕ್ಕೆ. ಕರ್ನೆಲ್ಲಿಗೂ ಆ ಬುದ್ಧಿ ಇದೆ: ಗೊತ್ತುಮಾಡಿದ ಪ್ರೊಸೆಸರ್ ಕಾಲ ಮೀರಿದ ಪ್ರಾಸೆಸ್ಸಿಗೆ ಅದು ಶಹಭಾಸ್ ಅನ್ನುವುದಿಲ್ಲ, ನಿಲ್ಲಿಸು ಎಂದು ಸಿಗ್ನಲ್ ಕಳಿಸುತ್ತದೆ.